ಕುದುರೆ ತೊಟ್ಟಿಯಲ್ಲಿ ನಿಂತ ಹೆಪ್ಸಿಬಾ

ಹುಟ್ಟು ಸಾವು ಬರೆಸುವ ಕಚೇರಿಯಲ್ಲಿ ನಾನು ಜಗಳವಾಡಿದೆ ಎಂದು ಬಂದರಿನವರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರೆ. ಹೌದು, ಆಡಿದೆ. ಇನ್ನೊಮ್ಮೆ ಬೇಕಾದರೂ ಆಡುತ್ತೇನೆ. ಆದರೆ ಯಾತಕ್ಕೆ ಆಡಿದೆ ಎಂದು ಒಬ್ಬರೂ ಸರಿಯಾಗಿ ಹೇಳುತ್ತಿಲ್ಲವಾದ್ದರಿಂದ ನಾನೇ ಬರೆಯುತ್ತಿದ್ದೇನೆ.

ಹೆಪ್ಸಿಬಾ ಟಪ್ಪೆನ್ ತೀರಿಕೊಂಡದ್ದು ಕಳೆದ ಮಂಗಳವಾರ. ಅರವತ್ತೊಂದು ವಯಸ್ಸು, ಎದೆಯ ಕಾಯಿಲೆ. ಗಂಡ ಏಮಸ್ ಹದಿನಾಲ್ಕು ವರ್ಷದ ಹಿಂದೆಯೇ ದೋಣಿಯ ಸಮೇತ ಸಮುದ್ರದ ಪಾಲಾದವನು. ಮಕ್ಕಳಿಲ್ಲ. ಕೊನೆಯ ಗಳಿಗೆಯಲ್ಲಿ ಅವಳ ಕೈ ಹಿಡಿದು ಕೂತವಳು ನಾನು, ಕ್ಲಾರಾ ಫನ್ನೆಲ್, ಗೋಡೆಯಾಚೆಯ ಮನೆಯವಳು. ಹಾಗಾಗಿ ಸಾವು ಬರೆಸುವ ಕೆಲಸವೂ ನನ್ನ ಪಾಲಿಗೇ ಬಂತು.

ಕಚೇರಿಯ ಗುಮಾಸ್ತ ಮಿಸ್ಟರ್ ಪೆನ್‌ಫೋಲ್ಡ್ ಹೋದ ವರ್ಷ ಲಂಡನ್ನಿನಿಂದ ಬಂದವನು. ಕತ್ತು ಕೊಯ್ಯುವ ಹಾಗಿರುವ ಕಾಲರು, ಮಾತಿಗೆ ಮುಂಚೆ ಒಂದು ನಿಟ್ಟುಸಿರು. ಹೆಸರು ಕೇಳಿದ, ಹೇಳಿದೆ. ವಯಸ್ಸು ಕೇಳಿದ, ಗಂಡ ಯಾರೆಂದು ಕೇಳಿದ, ಹೇಳಿದೆ. ಉದ್ಯೋಗದ ಅಂಕಣಕ್ಕೆ ಬಂದಾಗ ಮಾತ್ರ ಕೇಳಲೇ ಇಲ್ಲ. ಲೇಖನಿಯನ್ನು ಮಸಿಯಲ್ಲಿ ಅದ್ದಿ ಬರೆಯಲು ಬಗ್ಗಿದ. ನಾನು ಆ ಪುಟದ ಮೇಲೆ ಅಂಗೈ ಇಟ್ಟುಬಿಟ್ಟೆ.

"ಏನು ಬರೀತಿದೀರಿ?"

"ಮೀನುಗಾರ ಏಮಸ್ ಟಪ್ಪೆನ್‌ನ ವಿಧವೆ ಅಂತ. ಗಂಡ ಮೀನು ಹಿಡೀತಿದ್ದ ಅಂದ್ರಲ್ಲ?"

"ಗಂಡ ಹಿಡೀತಿದ್ದ. ಈಗ ಸತ್ತಿರೋದು ಅವನಲ್ಲ."

"ಹೆಂಗಸರಿಗೆ ಹೀಗೇ ಬರೆಯೋದು ಕಣಮ್ಮ. ಕೈ ತೆಗೀರಿ."

"ಇವಳಿಗೆ ಹೀಗೆ ಬೇಡ. ನಟಿ ಅಂತ ಬರೀರಿ."

ಅವನು ನನ್ನ ಬೂಟು ನೋಡಿದ, ಆಮೇಲೆ ಶಾಲು ನೋಡಿದ, ಆಮೇಲೆ ಟೋಪಿ ನೋಡಿದ. ನಟಿಯ ಸಾವು ಬರೆಸಲು ಇಂಥವಳು ಬರುತ್ತಾಳೆಯೇ ಎಂಬ ಗುಮಾನಿ ಅವನದು.

"ಯಾವ ನಾಟಕ ಕಂಪನಿ?"

"ನಾಟಕ ಅಲ್ಲ. ಸಿನಿಮಾ."

"ಓಹೋ! ಯಾವ ಸಿನಿಮಾದಲ್ಲಿ ಹೆಸರು ಬಂದಿದೆ?"

"ಯಾವುದರಲ್ಲೂ ಬಂದಿಲ್ಲ."

"ಫೋಟೋ? ಪತ್ರ? ಜಾಹೀರಾತಿನ ಚೀಟಿ?"

"ಇಲ್ಲ."

ನಕ್ಕುಬಿಟ್ಟ. ನನ್ನ ಮೈಯೆಲ್ಲ ಉರಿದುಹೋಯಿತು. ಲೇಖನಿಯ ತುದಿಯಿಂದ ಗೋಡೆಯ ಮೇಲಿನ ನೋಟೀಸು ತೋರಿಸಿದ. ಸುಳ್ಳು ಮಾಹಿತಿ ಬರೆಸಿದವರನ್ನು ಜೈಲಿಗೆ ಕಳಿಸಲಾಗುವುದು ಎಂದು ಅದರಲ್ಲಿತ್ತು.

"ಓದೋಕೆ ಬರುತ್ತಾ, ಮಿಸೆಸ್ ಫನ್ನೆಲ್?"

"ಚೆನ್ನಾಗಿ ಬರುತ್ತೆ. ಜೈಲಿಗೆ ಬೇಕಾದ್ರೆ ಆಮೇಲೆ ಕಳಿಸಿ. ಈಗ ಸುಮ್ನೆ ಕೂತು ಕೇಳಿ."

ಪುಟದ ಮೇಲಿನ ಕೈ ತೆಗೆಯದೆಯೇ ಹೇಳಲು ಶುರುಮಾಡಿದೆ. ಹಿಂದೆ ಸಾಲಿನಲ್ಲಿ ನಾಲ್ಕೈದು ಜನ ಇದ್ದರು. ಇರಲಿ ಎಂದುಕೊಂಡೆ.

ಮೂವತ್ತು ವರ್ಷದ ಹಿಂದೆ, ಸೌತೆಕಾಯಿ ಬೆಳೆಯುತ್ತಿದ್ದ ಗಾಜಿನ ಮನೆಯೊಂದನ್ನು ಕೊಂಡು ನಮ್ಮ ಬಂದರಿನಲ್ಲಿ ಸಿನಿಮಾ ತೆಗೆಯಲು ನಿಂತವರು ಮಿಸ್ಟರ್ ಗಾರಿಂಜ್. ಮೊದಲು ಬ್ರೈಟನ್ನಿನ ಕಡಲದಂಡೆಯಲ್ಲಿ ಮಕ್ಕಳ ಫೋಟೋ ತೆಗೆಯುತ್ತಿದ್ದವರು. ಕೆಟ್ಟ ಮನುಷ್ಯ ಅಂತ ಹೇಳಲಾರೆ. ತನ್ನ ಕ್ಯಾಮೆರಾ ಒಂದನ್ನು ಬಿಟ್ಟು ಬೇರೇನೂ ಕಾಣದ ಮನುಷ್ಯ, ಅಷ್ಟೆ. ಗಾಜಿನ ಮನೆಯ ಹಿಂದೆ ತಗಡಿನ ಶೆಡ್ಡು. ಅಲ್ಲಿ ನಾವು ಆರು ಹೆಂಗಸರು. ಹೆಪ್ಸಿ ಫಿಲ್ಮನ್ನು ದೊಡ್ಡ ಮರದ ಪೀಪಾಯಿಗೆ ಸುತ್ತಿ ತಣ್ಣೀರಿನಲ್ಲಿ ತೊಳೆಯುವವಳು. ನಾನು ಒಣಗಿದ ಫಿಲ್ಮಿನ ತುಂಡುಗಳನ್ನು ಕತ್ತರಿಸಿ ಅಂಟಿಸುವವಳು. ಚಳಿಗಾಲದಲ್ಲಿ ಅವಳ ಬೆರಳುಗಳು ಸಂದಿಗೊಂದರಂತೆ ಒಡೆದು ರಕ್ತ ಬರುತ್ತಿತ್ತು. ಬಾಯಿ ಮಾತ್ರ ಒಂದು ನಿಮಿಷ ಸುಮ್ಮನಿರುತ್ತಿರಲಿಲ್ಲ. ಮುಂದಿನ ಒಂದು ಹಲ್ಲಿಲ್ಲದ ಬಾಯಿ ಅದು. ಹುಡುಗಿಯಾಗಿದ್ದಾಗ ಅಪ್ಪನ ದೋಣಿ ಎಳೆಯುವ ರಾಟೆಯ ಹಿಡಿ ಜಾರಿ ಬಡಿದು ಆ ಹಲ್ಲು ಹೋಗಿತ್ತು.

ನಮ್ಮಲ್ಲಿ ಒಂದು ಪದ್ಧತಿ ಇತ್ತು. ಬಿಸಿಲು ಬಂದರೆ ಗಂಟೆ ಬಾರಿಸುತ್ತಿದ್ದರು. ದೀಪದಲ್ಲಿ ಚಿತ್ರ ತೆಗೆಯುವ ಅನುಕೂಲ ಆಗ ಎಲ್ಲಿತ್ತು? ಗಂಟೆ ಕೇಳಿದ ಕೂಡಲೇ ತೊಳೆಯುವವಳು, ಅಂಟಿಸುವವಳು, ಬಡಗಿ, ಎಲ್ಲರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದು ನಟರಾಗಬೇಕು. ಬೆಳಿಗ್ಗೆ ನಾನು ಮದುಮಗಳ ಅಮ್ಮ, ಮಧ್ಯಾಹ್ನ ಅದೇ ಸ್ಕರ್ಟಿನಲ್ಲಿ ಬೀದಿಯ ಭಿಕ್ಷುಕಿ. ಮೋಡ ಮುಚ್ಚಿದರೆ ಮತ್ತೆ ಕತ್ತರಿ ಹಿಡಿದು ಕೂರುವುದು. ಅದಕ್ಕೆಂದು ಬೇರೆ ಹೆಸರಿಲ್ಲ, ಮರ್ಯಾದೆಯಿಲ್ಲ. ಕಸ ಗುಡಿಸಿದ ಹಾಗೆಯೇ ಅದೂ ಒಂದು ಕೆಲಸ.

ಕೆಲವೊಮ್ಮೆ ಬ್ರೈಟನ್ನಿನ ನಾಟಕಶಾಲೆಯವರೂ ಬರುತ್ತಿದ್ದರು. ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಕಾಲರು ಎತ್ತಿಕೊಂಡು, ಹಿಂದಿನ ಬಾಗಿಲಿನಿಂದ. "ನಮ್ ಮ್ಯಾನೇಜರಿಗೆ ಗೊತ್ತಾದ್ರೆ ನಮ್ ಕತೆ ಮುಗೀತು" ಎಂದು ಪಿಸುಗುಡುತ್ತಿದ್ದರು. ಸಿನಿಮಾದಲ್ಲಿ ಮುಖ ತೋರಿಸುವುದು ಅವರಿಗೆ ಅಷ್ಟು ನಾಚಿಕೆ. ಹೆಪ್ಸಿ ಅವರ ಮುಖಕ್ಕೇ ಕೇಳುತ್ತಿದ್ದಳು: "ಅಷ್ಟು ನಾಚಿಕೆ ಇದ್ರೆ ಆ ಮುಖ ಯಾಕಪ್ಪಾ ಇಲ್ಲಿ ಬಿಟ್ಟುಹೋಗ್ತೀಯ? ನನಗೆ ಕೊಡು, ನಾನು ಇಟ್ಕೋತೀನಿ."

ಹಾಗೆ ಒಂದು ಬಿಸಿಲಿನ ದಿನ ಮೀನಿನ ಚಿತ್ರ ತೆಗೆದರು. ಕತೆ ಇಷ್ಟೇ: ಅಡುಗೆಯವಳು ಮೀನು ಹುರಿದು ಕಿಟಕಿಯಲ್ಲಿಡುತ್ತಾಳೆ. ಪೋಲೀಸನೊಬ್ಬ ಅದನ್ನು ಕದಿಯುತ್ತಾನೆ. ಅವಳು ಲಟ್ಟಣಿಗೆ ಹಿಡಿದು ಅಟ್ಟಿಸಿಕೊಂಡು ಹೋಗುತ್ತಾಳೆ. ದಾರಿಯಲ್ಲಿ ಸಿಕ್ಕವರೆಲ್ಲ ಹಿಂದೆ ಓಡುತ್ತಾರೆ. ಕೊನೆಗೆ ಅವನನ್ನು ಕುದುರೆಗಳು ನೀರು ಕುಡಿಯುವ ಕಲ್ಲಿನ ತೊಟ್ಟಿಗೆ ನೂಕಿ ತಾನೂ ಬೀಳುತ್ತಾಳೆ. ಪೋಲೀಸನಾಗಿದ್ದವನು ನಮ್ಮ ಬಡಗಿ ಏಕ್‌ಹರ್ಸ್ಟ್. ಅಡುಗೆಯವಳು ಹೆಪ್ಸಿ. ಹಿಂದೆ ಓಡಿದ್ದು ಇಡೀ ಬಂದರು ಬೀದಿ. ಅವರಿಗೆ ರೊಟ್ಟಿ, ಚೀಸು, ಬಿಯರು ಕೊಟ್ಟರೆ ಸಾಕಿತ್ತು.

ಅವಳು ಓಡಿದ್ದನ್ನು ನೀವು ನೋಡಬೇಕಿತ್ತು. ನಟಿಸುತ್ತಿದ್ದಳು ಅನ್ನಿಸಲೇ ಇಲ್ಲ. ಏಕ್‌ಹರ್ಸ್ಟ್ ನಿಜವಾಗಿ ಹೆದರಿ ಓಡಿದ. ತೊಟ್ಟಿಯೊಳಗಿಂದ ಎದ್ದು, ಕೂದಲಿನಿಂದ ನೀರು ಸುರಿಯುತ್ತಿರುವಾಗ, ಕ್ಯಾಮೆರಾದ ಕಡೆ ತಿರುಗಿ ಆ ಹಲ್ಲು ಹೋದ ಬಾಯಿ ತೆರೆದು ನಕ್ಕಳಲ್ಲ, ಆ ನಗುವಿಗಾಗಿ ಆ ಚಿತ್ರ ಊರೂರು ಸುತ್ತಿತು. ಜಾತ್ರೆಗಳ ಡೇರೆಗಳಲ್ಲಿ ಬಯಾಸ್ಕೋಪ್ ತೋರಿಸುವವರು ಪ್ರತಿಗಳನ್ನು ಕೊಂಡದ್ದೇ ಕೊಂಡದ್ದು. ಆದರೆ ಚಿತ್ರದ ಮೇಲೆ ಕಂಪನಿಯ ಹೆಸರು ಬಿಟ್ಟು ಯಾರ ಹೆಸರೂ ಇರಲಿಲ್ಲ. ಆ ಕಾಲದಲ್ಲಿ ಎಲ್ಲ ಕಂಪನಿಗಳ ಚಿತ್ರಗಳೂ ಹಾಗೆಯೇ ಬರುತ್ತಿದ್ದವು.

ಇಲ್ಲಿಗೆ ಬಂದಾಗ ಪೆನ್‌ಫೋಲ್ಡ್ ಗಡಿಯಾರ ನೋಡಿದ. "ಸಾಲು ದೊಡ್ಡದಾಗ್ತಿದೆ ಮಿಸೆಸ್ ಫನ್ನೆಲ್."

"ಆಗ್ಲಿ ಬಿಡಿ. ಸತ್ತವಳಿಗೇನೂ ಅವಸರ ಇಲ್ಲ" ಎಂದೆ.

ನೂರಾರು ಪ್ರತಿ ತೆಗೆದರೆ ಮೂಲ ಫಿಲ್ಮೇ ಸವೆದುಹೋಗುತ್ತದೆ. ಅಂಚಿನ ತೂತುಗಳೆಲ್ಲ ಹರಿದು, ಮುಖದ ಮೇಲೆಲ್ಲ ಗೀರು. ಆಗ ಮಾಡುವುದು ಒಂದೇ. ಇಡೀ ಚಿತ್ರವನ್ನು ಮೊದಲಿನಿಂದ ಮತ್ತೆ ತೆಗೆಯುವುದು. ಅದೇ ಬೀದಿ, ಅದೇ ಓಟ, ಅದೇ ತೊಟ್ಟಿ. ಸವೆದ ಫಿಲ್ಮನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಅದ್ದಿ ಚಿತ್ರವನ್ನು ತಿಕ್ಕಿ ತೆಗೆದು, ಉಳಿದ ಬರಿ ಹಾಳೆಯನ್ನು, ಕರಗಿಸಿ ಬೂಟ್ ಪಾಲಿಶ್ ತಯಾರಿಸುವವರಿಗೆ ಮಾರಿಬಿಡುತ್ತಿದ್ದರು. ಆ ತಿಕ್ಕುವ ಕೆಲಸವೂ ಹೆಪ್ಸಿಯದೇ. ಅವಳ ಬಕೆಟ್ಟಿನಲ್ಲಿ ಎಷ್ಟು ಜನರ ಮುಖ ಬೂದು ಗಸಿಯಾಗಿ ಹೋಯಿತೋ!

ಮೀನಿನ ಚಿತ್ರ ಸವೆದ ವರ್ಷ ಲಂಡನ್ನಿನ ಒಬ್ಬ ವ್ಯಾಪಾರಿಯಿಂದ ಕಾಗದ ಬಂತು. ಈಗ ಸಿನಿಮಾಕ್ಕೆ ಒಳ್ಳೆಯ ಮನೆತನದ ಹೆಂಗಸರೂ ಬರುತ್ತಾರೆ, ಹಲ್ಲಿಲ್ಲದ ಈ ಗಯ್ಯಾಳಿ ಬೇಡ, ನೋಡಲು ಲಕ್ಷಣವಾಗಿರುವ ಯಾರನ್ನಾದರೂ ಹಾಕಿ ಎಂದು. ಗಾರಿಂಜ್ ಬ್ರೈಟನ್ನಿನಿಂದ ಮಿಸ್ ಫೇರ್ಲಿ ಎಂಬ ನಾಟಕದ ಹುಡುಗಿಯನ್ನು ಕರೆಸಿದರು. ಹಾಲಿನಂಥ ಕೈ, ಸಾಲಾಗಿ ಹಲ್ಲು. ಆಮೇಲೆ ನಮ್ಮ ಶೆಡ್ಡಿಗೆ ಬಂದು ಹೆಪ್ಸಿಯ ಪೀಪಾಯಿಯ ಮುಂದೆ ನಿಂತರು.

"ಹೆಪ್ಸಿ, ಕಿಟಕಿ ಹತ್ರ, ಬಾಗಿಲ ಹತ್ರ ಮಿಸ್ ಫೇರ್ಲಿ ಮಾಡ್ತಾರೆ. ಆದ್ರೆ ಆ ತಣ್ಣೀರು ತೊಟ್ಟಿಗೆ ಅವರು ಬೀಳಲ್ಲ ಅಂತಾರೆ. ಓಟ, ಬೀಳೋದು ನೀನು ಮಾಡು. ಬೆನ್ನು ಮಾತ್ರ ಕ್ಯಾಮೆರಾಗೆ. ಎದ್ದ ಮೇಲೂ ತಿರುಗಬಾರ್ದು."

"ಅಂದ್ರೆ ಮುಖ ಅವಳದು, ಪೆಟ್ಟು ನಂದು?"

"ಹಾಗಲ್ಲ ಕಣಮ್ಮ..."

"ಹಾಗೇ ಯಜಮಾನ್ರೇ. ಹಾಗೇ ಹೇಳಿದ್ದು ನೀವು. ಸರಿ, ಮಾಡ್ತೀನಿ. ಚಿತ್ರದ ಮೇಲೆ ನನ್ನ ಹೆಸರು ಹಾಕಿ."

ಗಾರಿಂಜ್ ನಿಜಕ್ಕೂ ಬೆರಗಾದರು. "ಹೆಸರಾ? ಯಾರ ಹೆಸರು ಯಾರಿಗೆ ಬೇಕು ಹೆಪ್ಸಿ? ಜನ ನೋಡೋದು ಚಿತ್ರಾನ."

"ಸಂತೇಲಿ ಮಾರೋ ಮೀನಿಗೂ ಒಂದು ಹೆಸರಿದೆ ಯಜಮಾನ್ರೇ. ಬಂಗಡೇನ ಬಂಗಡೆ ಅಂತ ಕೂಗಿ ಮಾರ್ತಾರೆ."

ಅವರು ಆಗದು ಎಂದು ತಲೆಯಾಡಿಸಿ ಹೊರಟುಹೋದರು. ಹೋಗುವಾಗ ಬಾಗಿಲಲ್ಲಿ ತಿರುಗಿ, "ಆ ಹಳೇ ಮೀನಿನ ಫಿಲ್ಮ್ ಶನಿವಾರದೊಳಗೆ ತಿಕ್ಕಿ ಮುಗಿಸು" ಎಂದರು. ಅದರಲ್ಲೇನಾದರೂ ತಪ್ಪಿದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ಹೆಪ್ಸಿ ಆ ಫಿಲ್ಮನ್ನು ಬಕೆಟ್ಟಿಗೆ ಹಾಕಿದಳು. ನಾನು ಬೇಡ ಕಣೇ ಅಂದೆ, ಒಂದು ತುಂಡಾದರೂ ಬಚ್ಚಿಟ್ಟುಕೋ ಅಂದೆ. "ಯಾಕೆ? ಕದ್ದಿಟ್ಟುಕೊಂಡು ಕದ್ದು ನೋಡೋಕಾ? ನಾನೇನು ಕಳ್ಳೀನಾ?" ಎಂದು ನನ್ನ ಮೇಲೆಯೇ ಹಾರಿದಳು. ತಿಕ್ಕುತ್ತಾ ತಿಕ್ಕುತ್ತಾ ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಆಗೊಮ್ಮೆ, ಏಮಸ್ ಹೋದಾಗ ಇನ್ನೊಮ್ಮೆ, ಅಷ್ಟೇ.

ಮಾರ್ಚ್ ತಿಂಗಳು. ಎಂಟು ದಿನ ಮೋಡ. ಒಂಬತ್ತನೆಯ ದಿನ ಬಿಸಿಲು ಬಂತು, ಗಂಟೆ ಬಾರಿಸಿದರು. ಬೀದಿಯವರೆಲ್ಲ ನೆರೆದರು. ಮಿಸ್ ಫೇರ್ಲಿ ಕಿಟಕಿಯಲ್ಲಿ ಮೀನಿಟ್ಟು, ಕೆನ್ನೆಗೆ ಕೈ ಹಿಡಿದು, ಚೆಂದವಾಗಿ ಬೆಚ್ಚಿದಳು. ಆಮೇಲೆ ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿ, ತಲೆಗೆ ಒಂದು ಚೊಂಬು ಬೆಚ್ಚಗಿನ ನೀರು ಸುರಿದು, ನಗುವ ಮುಖವನ್ನು ಬೇರೆಯಾಗಿ ತೆಗೆದುಕೊಂಡರು. ತೊಟ್ಟಿಯಿಂದ ಎದ್ದವಳು ಇವಳೇ ಎಂದು ತೋರಿಸಲು ಆ ತುಂಡು. ಕೊನೆಯದಾಗಿ ತೊಟ್ಟಿಯ ದೃಶ್ಯ.

ಗಾರಿಂಜ್ ತಾವೇ ಕ್ಯಾಮೆರಾದ ಹಿಡಿ ತಿರುಗಿಸುವವರು. ಸೆಕೆಂಡಿಗೆ ಎರಡು ಸುತ್ತು. ಒಮ್ಮೆ ಶುರುಮಾಡಿದರೆ ದೃಶ್ಯ ಮುಗಿಯುವವರೆಗೆ ಅವರ ಕೈ ನಿಲ್ಲದು. ಮನೆಗೆ ಬೆಂಕಿ ಬಿದ್ದರೂ ಆ ಕೈ ತಿರುಗುತ್ತಲೇ ಇರುತ್ತದೆ ಎಂದು ನಾವು ಹಿಂದಿನಿಂದ ಆಡಿಕೊಳ್ಳುತ್ತಿದ್ದೆವು. ಹೆಪ್ಸಿ ಬೆನ್ನು ತೋರಿಸಿಕೊಂಡು ಓಡಿದಳು. ಏಕ್‌ಹರ್ಸ್ಟ್‌ನನ್ನು ನೂಕಿದಳು. ತಾನೂ ಬಿದ್ದಳು. ನೀರು ಮಂಜಿನಷ್ಟು ತಣ್ಣಗಿತ್ತು. ಬೀದಿಯವರು ಇನ್ನೂ ಮೂಲೆ ತಿರುಗಿ ಬರಬೇಕಿತ್ತು. ಅಷ್ಟರಲ್ಲಿ ಹೆಪ್ಸಿ ಎದ್ದು ನಿಂತಳು, ಮತ್ತು ತಿರುಗಿದಳು.

"ಬೆನ್ನು! ಬೆನ್ನು ತಿರುಗಿಸೇ!" ಗಾರಿಂಜ್ ಕಿರುಚಿದರು. ಕೈ ತಿರುಗುತ್ತಲೇ ಇತ್ತು.

"ತಿರುಗ್ಸಿದೀನಲ್ಲ ಯಜಮಾನ್ರೇ, ನೋಡ್ಕೊಳ್ಳಿ!" ಎಂದು ಅವಳು ತೊಟ್ಟಿಯೊಳಗಿಂದ ಕೂಗಿದಳು. ಕೂಗಿದರೇನು, ಫಿಲ್ಮಿಗೆ ಕಿವಿಯಿಲ್ಲ. ಏಕ್‌ಹರ್ಸ್ಟ್‌ನ ಪೋಲೀಸ್ ಟೋಪಿ ಕಿತ್ತುಕೊಂಡು ತನ್ನ ತಲೆಗಿಟ್ಟಳು. ನೀರಿನಿಂದ ಮೀನನ್ನೆತ್ತಿ ಎದೆಗೆ ಹಿಡಿದಳು. ರಾಣಿಯ ಮುಂದೆ ನಟರು ಬಾಗುವಂತೆ ಸೊಂಟ ಬಗ್ಗಿಸಿ ವಂದಿಸಿ, ಆ ಹಲ್ಲು ಹೋದ ಬಾಯಿ ತೆರೆದು ನಕ್ಕಳು. ಜನ ಬಂದು ಸುತ್ತ ಮುತ್ತಿಕೊಳ್ಳುವವರೆಗೂ ಗಾರಿಂಜರ ಕಣ್ಣು ಕೆಂಡವಾಗಿತ್ತು, ಕೈ ಮಾತ್ರ ಸೆಕೆಂಡಿಗೆ ಎರಡು ಸುತ್ತು ತಪ್ಪಲಿಲ್ಲ.

ಮಿಸ್ ಫೇರ್ಲಿ ನನ್ನ ಪಕ್ಕದಲ್ಲೇ ಶಾಲು ಹೊದ್ದು ನಿಂತಿದ್ದಳು. "ನಾನಾಗಿದ್ರೆ ನನಗೆ ಇಷ್ಟು ಧೈರ್ಯ ಬರ್ತಿರ್ಲಿಲ್ಲ" ಎಂದಳು. ಒಳ್ಳೆಯ ಹುಡುಗಿಯೇ. ಆಮೇಲೆ ಮೆಲ್ಲಗೆ, "ನಾನಿಲ್ಲಿಗೆ ಬಂದಿದ್ದು ಮಾತ್ರ ಯಾರಿಗೂ ಹೇಳ್ಬೇಡಿ" ಎಂದಳು. ಅವಳಿಗೆ ಹೆಸರು ಮುಚ್ಚಿಟ್ಟರೆ ಸಾಕಿತ್ತು.

ಮಾರನೆಯ ದಿನ ಗಾರಿಂಜ್ ಎರಡು ತುಂಡುಗಳನ್ನು ನನ್ನ ಮೇಜಿನ ಮೇಲಿಟ್ಟರು. "ಕ್ಲಾರಾ, ಅವಳು ತಿರುಗೋ ಜಾಗದಲ್ಲಿ ಕತ್ತರಿಸು. ಅಲ್ಲಿಗೆ ಮಿಸ್ ಫೇರ್ಲಿ ಮುಖ ಅಂಟಿಸು. ಪ್ರತಿಗಳು ಈಸ್ಟರ್ ಹೊತ್ತಿಗೆ ಹೋಗ್ಬೇಕು." ಹೇಳಿ ಹೋದರು. ಏಳು ವರ್ಷದಲ್ಲಿ ನನ್ನ ಒಂದು ಅಂಟೂ ಬಿಟ್ಟಿರಲಿಲ್ಲ. ಅದಕ್ಕೇ ಅವರು ನನ್ನ ಕೆಲಸ ಪರೀಕ್ಷಿಸುವುದನ್ನು ಯಾವತ್ತೋ ಬಿಟ್ಟಿದ್ದರು.

ನಾನು ಕತ್ತರಿ ತೆಗೆದುಕೊಂಡೆ. ಮಿಸ್ ಫೇರ್ಲಿಯ ಚೊಂಬಿನ ನೀರಿನ ತುಂಡನ್ನು ಕತ್ತರಿಸಿ ಹೆಪ್ಸಿಯ ಬಕೆಟ್ಟಿಗೆ ಎಸೆದೆ. ಹೆಪ್ಸಿಯನ್ನು ಪೂರ್ತಿ ಇಟ್ಟೆ, ಒಂದು ಚೂರೂ ಬಿಡದೆ. ನನ್ನ ಜನ್ಮದಲ್ಲಿ ಅಷ್ಟು ಗಟ್ಟಿಯಾಗಿ ಇನ್ನೊಂದು ಅಂಟು ಹಾಕಿಲ್ಲ.

ಈಸ್ಟರ್ ಸೋಮವಾರ ಬಂದರಿನ ಮೈದಾನದಲ್ಲಿ ಬಯಾಸ್ಕೋಪ್ ಡೇರೆ ಹಾಕಿದ್ದರು. ಇಡೀ ಬೀದಿ ಅಲ್ಲಿತ್ತು. ಗಾರಿಂಜ್ ಮುಂದಿನ ಕುರ್ಚಿಯಲ್ಲಿ ಕೂತಿದ್ದರು. ಕಿಟಕಿಯಲ್ಲಿ ಮಿಸ್ ಫೇರ್ಲಿ ಕಂಡಾಗ, "ಇವಳ್ಯಾರೋ ಬೆಣ್ಣೆ ಬೊಂಬೆ? ನಮ್ ಅಡುಗೆಯವಳೆಲ್ಲಿ?" ಎಂದು ಗದ್ದಲ ಎದ್ದಿತು. ಆಮೇಲೆ ತೊಟ್ಟಿ. ನೀರು ಸೀಳಿಕೊಂಡು ಹೆಪ್ಸಿ ಎದ್ದಳು, ತಿರುಗಿದಳು, ಟೋಪಿ ಹಾಕಿಕೊಂಡಳು. ಆಮೇಲೆ ಹಿಂದಿನ ಬೆಂಚಿನಿಂದ ಯಾರೋ "ಹೆಪ್ಸೀ!" ಎಂದು ಕೂಗಿದರು. ಇನ್ನೊಬ್ಬರು, ಮತ್ತೊಬ್ಬರು. ಕೊನೆಗೆ ಕಂಬಗಳು ಅಲ್ಲಾಡುವಂತೆ ಇಡೀ ಡೇರೆ ಅವಳ ಹೆಸರು ಕೂಗಿತು. ಯಾರ ಹೆಸರು ಯಾರಿಗೆ ಬೇಕು ಎಂದಿದ್ದ ಮನುಷ್ಯ ಕುರ್ಚಿಯಲ್ಲಿ ಕಿವಿ ಕೆಂಪಗೆ ಮಾಡಿಕೊಂಡು ಕೂತಿದ್ದರು. ಹೆಪ್ಸಿ ನನ್ನ ಪಕ್ಕದಲ್ಲಿದ್ದಳು. ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದಳೆಂದರೆ ವಾರವಾದರೂ ಕಂದು ಗುರುತು ಹೋಗಲಿಲ್ಲ.

ಮಂಗಳವಾರ ಬೆಳಿಗ್ಗೆ ನಮ್ಮಿಬ್ಬರನ್ನೂ ಕೆಲಸದಿಂದ ತೆಗೆದರು. ತಿಂಗಳೊಳಗೆ ಡೇರೆಯವರ ಕಾಗದಗಳು ಬಂದವು: ತೊಟ್ಟಿಯ ಹೆಂಗಸಿನ ಬೇರೆ ಚಿತ್ರ ಇದ್ದರೆ ಕಳಿಸಿ ಎಂದು. ಗಾರಿಂಜ್ ತಾವೇ ಅವಳ ಮನೆಗೆ ಬಂದರು.

"ಆಗಿದ್ದು ಆಗಿಹೋಯ್ತು ಹೆಪ್ಸಿ. ಬಾ ಕೆಲಸಕ್ಕೆ. ಮುಖಾನೂ ನಿಂದೇ, ಓಟಾನೂ ನಿಂದೇ."

"ಹೆಸರು?"

"ಅದೊಂದು ಬಿಟ್ಟು ಕೇಳು. ಒಬ್ಬರಿಗೆ ಹಾಕಿದ್ರೆ ಎಲ್ಲರೂ ಕೇಳ್ತಾರೆ."

"ಕೇಳ್ಲಿ. ಕೇಳ್ಬೇಕು. ಹೋಗಿ ಬನ್ನಿ ಯಜಮಾನ್ರೇ."

ಬಾಗಿಲು ಹಾಕಿಕೊಂಡಳು. ಆಮೇಲೆ ಇಪ್ಪತ್ತು ವರ್ಷ ಹೋಟೆಲುಗಳ ಹಾಸಿಗೆ ಬಟ್ಟೆ ಒಗೆದಳು. ಕ್ಯಾಮೆರಾದ ಮುಂದೆ ಮತ್ತೆ ನಿಲ್ಲಲಿಲ್ಲ. ಹೆಸರು ಹಾಕುವ ಕಾಲ ಬಂದಾಗ ಅವಳಿಗೆ ವಯಸ್ಸಾಗಿತ್ತು. ಗಾರಿಂಜರ ಕಂಪನಿ ಯುದ್ಧದ ಹೊತ್ತಿಗೆ ಮುಚ್ಚಿತು, ಇದ್ದ ಫಿಲ್ಮೆಲ್ಲ ಮೂಟೆಯಾಗಿ ಅದೇ ಬೂಟ್ ಪಾಲಿಶಿನವರಿಗೆ ಹೋಯಿತು.

"ಅದಕ್ಕೇ ಪುರಾವೆ ಇಲ್ಲ ಸ್ವಾಮಿ" ಎಂದೆ ಪೆನ್‌ಫೋಲ್ಡ್‌ಗೆ. "ಪುರಾವೆ ಎಲ್ಲಾನೂ ನಿಮ್ಮಂಥೋರು ಬೂಟಿಗೆ ಹಚ್ಕೊಂಡು ತಿರುಗಿದೀರಿ."

ಅವನು ಒಮ್ಮೆ ಮೇಜಿನ ಕೆಳಗೆ ನೋಡಿಕೊಂಡ. ಸಾಲಿನಿಂದ ಒಂದು ದನಿ ಬಂತು. ಮೊಮ್ಮಗನ ಹುಟ್ಟು ಬರೆಸಲು ಬಂದಿದ್ದ ಮಿಸೆಸ್ ಬಾಟಿಂಗ್, ನಮ್ಮ ಬೀದಿಯ ಕೊನೆಯ ಮನೆಯವಳು.

"ಬರ್ಕೊಳ್ರೀ ಅವಳು ಹೇಳಿದ್ದನ್ನ! ಆ ಚಿತ್ರದಲ್ಲಿ ಮಗೂನ ತಳ್ಳೋ ಗಾಡಿ ಹಿಡ್ಕೊಂಡು ಓಡಿದ್ದು ನಾನೇ. ಆವತ್ತು ಗಾಡಿಯಲ್ಲಿ ಕಿರುಚಿಕೊಳ್ತಿದ್ದೋನೇ ಈ ಕೂಸಿನ ಅಪ್ಪ."

ಸಾಲೆಲ್ಲ ನಕ್ಕಿತು. ಪೆನ್‌ಫೋಲ್ಡ್ ನಗಲಿಲ್ಲ. ಮೊದಲ ಸಲ ನನ್ನ ಮುಖ ನೋಡಿ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದ: "ಒಂದು ಮಾತು ಹೇಳಿ. ಆಕೆ ತಾನೇ ಯಾವತ್ತಾದ್ರೂ ತನ್ನನ್ನ ನಟಿ ಅಂತ ಹೇಳ್ಕೊಂಡಿದ್ರಾ?"

ಗೋಡೆಯಾಚೆ ಇಷ್ಟು ವರ್ಷ ಇದ್ದೇನೆ. ಚಹಾ ಕುಡಿಯುತ್ತಾ ನೂರು ಸಲ ತೊಟ್ಟಿಯ ಕತೆ ಹೇಳಿ ನಕ್ಕಿದ್ದಾಳೆ. ಆ ಮಾತನ್ನು ಮಾತ್ರ ಒಂದು ದಿನವೂ ಆಡಿರಲಿಲ್ಲ. ಹೂಂ ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹೆಪ್ಸಿಯ ವಿಷಯದಲ್ಲಿ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ.

"ಇಲ್ಲ" ಎಂದೆ. "ಒಂದು ಸಲಾನೂ ಇಲ್ಲ. ಯಾಕಂದ್ರೆ ಅವಳನ್ನ ಯಾರೂ ಕೇಳ್ಲಿಲ್ಲ. ನೀನು ಏನು ಕೆಲಸ ಮಾಡ್ತೀಯಮ್ಮಾ ಅಂತ ಅರವತ್ತೊಂದು ವರ್ಷದಲ್ಲಿ ಒಬ್ಬರೂ ಕೇಳ್ಲಿಲ್ಲ. ನಿಮ್ಮ ಈ ಕಾಗದವೇ ಮೊದಲು ಕೇಳ್ತಿರೋದು. ಅದು ಕೇಳಿದ ಮೇಲೆ ನಾನು ಉತ್ತರ ಹೇಳ್ದೆ ಬಿಡಲ್ಲ."

ಅವನು ಲೇಖನಿಯನ್ನು ಮಸಿಯಲ್ಲಿ ಅದ್ದಿ, ತುದಿಯನ್ನು ದೌತಿಯ ಅಂಚಿಗೆ ಒರೆಸಿ, "ಕೈ ತೆಗೀರಿ ಮಿಸೆಸ್ ಫನ್ನೆಲ್, ಬರೀಬೇಕು" ಎಂದ.

"ಮೊದಲು ಏನು ಬರೀತೀರಿ ಹೇಳಿ."

"ಚಲನಚಿತ್ರ ನಟಿ."

ಕೈ ತೆಗೆದೆ. ಇಷ್ಟು ಹೊತ್ತು ಒತ್ತಿ ಹಿಡಿದ ಅಂಗೈ ಜೋಮು ಹಿಡಿದಿತ್ತು. ಅವನು ನಿಧಾನವಾಗಿ, ದುಂಡಗೆ ಬರೆದ. ಗಟ್ಟಿಯಾಗಿ ಓದಿ ಎಂದೆ, ಓದಿದ: ಹೆಪ್ಸಿಬಾ ಟಪ್ಪೆನ್, ಅರವತ್ತೊಂದು, ಚಲನಚಿತ್ರ ನಟಿ. ಹಿಂದಿನ ಸಾಲಿನಲ್ಲಿ ಯಾರೋ ಟೋಪಿ ತೆಗೆದರು.

ಲೇಖನಿ ಎತ್ತಿ ಹಿಡಿದು ಪೆನ್‌ಫೋಲ್ಡ್ ಮತ್ತೆ ಕೇಳಿದ: "ಮೀನುಗಾರ ಏಮಸ್ ಟಪ್ಪೆನ್‌ನ ವಿಧವೆ ಅನ್ನೋದು?"

"ಜಾಗ ಉಳಿದಿದ್ರೆ ಬರ್ಕೊಳ್ಳಿ" ಎಂದೆ.